ಹಿತ್ತಿಲ ಹಿಪ್ಪುನೇರಳೆ

ಹಿತ್ತಿಲ ಹಿಪ್ಪುನೇರಳೆ ಆ ವರ್ಷ ಒಂದೇ ಮಗ್ಗುಲಲ್ಲಿ ಚಿಗುರಿತು. ಮನೆಯ ಕಡೆ ಚಾಚಿದ್ದ ಕೊಂಬೆಗಳಲ್ಲಿ ಎಳೆ ಹಸಿರು ಕಂಡರೆ, ಪಕ್ಕದ ಗೋಡೆಯತ್ತ ಬಾಗಿದ ಕೊಂಬೆಗಳು ಒಲೆಗೆ ಇಡುವ ಕಟ್ಟಿಗೆಯಂತೆ ಬೋಳಾಗಿಯೇ ಉಳಿದವು. ಇಂದು ಬಂದೀತು, ನಾಳೆ ಬಂದೀತು ಎಂದು ಹಲ್ಲಕ್ಕ ಕಿಟಕಿಯಿಂದ ನೋಡಿದಳು. ಬಿಸಿಲು ಬಲಿತು, ಹಣ್ಣಿನ ಕಾಲವೂ ಮುಗಿಯಿತು. ಆ ಕೊಂಬೆಗಳು ಮಾತ್ರ ಕಣ್ಣು ಬಿಡಲಿಲ್ಲ.

ಹಲ್ಲಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅವಳ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಊರಿನ ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಪ್ಲಾಸ್ಟರಿನ ಅಚ್ಚು ಕಳಿಸುತ್ತಿದ್ದರು. ಅವಳು ಆ ಅಚ್ಚಿನ ಮೇಲೆ ಗುಲಾಬಿ ಮೇಣದಲ್ಲಿ ಒಸಡು ಮಾಡಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಕಾಯಿಸಿ, ತೇದು, ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದಳು. ಬೀದಿಯ ಅರ್ಧ ಮುದುಕರು ನಕ್ಕರೆ ಕಾಣುತ್ತಿದ್ದುದು ಅವಳ ಕೆಲಸವೇ. ಅವಳಿಗೆ ವಯಸ್ಸು ಐವತ್ತು ದಾಟಿತ್ತು. ಮದುವೆಯ ಮಾತು ಒಂದೆರಡು ಸಲ ಬಂದು ಮುರಿದಿತ್ತು. ಆಮೇಲೆ ಮಾತು ಬರುವುದೇ ನಿಂತಿತ್ತು. ಒಬ್ಬನೇ ತಮ್ಮ, ಸರಕಿನ ಹಡಗಿನಲ್ಲಿ ಅಡುಗೆಯವನು. ಯಾವುದಾದರೂ ಬಂದರು ಮುಟ್ಟಿದಾಗ ಫೋನು ಮಾಡುತ್ತಿದ್ದ. ಮನೆಯಲ್ಲಿ ಇದ್ದದ್ದು ಅವಳು, ಅವಳ ಅಮ್ಮ. ಅಮ್ಮ ಹೋದ ಮೇಲೆ ಅವಳೊಬ್ಬಳೇ.

ಹಿಪ್ಪುನೇರಳೆ ಎಂದರೆ ಜನ ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿನ ಗಿಡ ಎಂದಷ್ಟೇ ತಿಳಿದಿರುತ್ತಾರೆ. ಕತ್ತರಿಸುತ್ತಾ ಇದ್ದರೆ ಅದು ಗಿಡ, ಸುಮ್ಮನೆ ಬಿಟ್ಟರೆ ಮರ. ಈ ಮನೆಯಲ್ಲಿ ಅದನ್ನು ಯಾರೂ ಕತ್ತರಿಸಿರಲಿಲ್ಲ. ಅಪ್ಪ ಮನೆ ಕೊಂಡಾಗಲೇ ಅದು ತಬ್ಬಿದರೆ ಕೈಗೆ ಕೈ ಸಿಗದಷ್ಟು ದಪ್ಪವಾಗಿತ್ತಂತೆ. ನೆಲದಿಂದ ಆಳೆತ್ತರಕ್ಕೂ ಮೇಲೆ, ಹಳೆಯ ಕೊಂಬೆಯೊಂದು ಮುರಿದ ಜಾಗದಲ್ಲಿ, ಒಂದು ಪೊಟರೆ ಇತ್ತು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರವರ ಸುಖದುಃಖವನ್ನೆಲ್ಲ ಅತ್ತಿಂದಿತ್ತ ಜೋಡಿಸಿ ಜೋಡಿಸಿ ನಿವೃತ್ತಳಾಗಿದ್ದಳು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದವಳಿಗೆ ಎಡಭಾಗ ಸ್ವಾಧೀನ ತಪ್ಪಿತು. ಬಾಯಿ ಸ್ವಲ್ಪ ಸೊಟ್ಟಗಾದರೂ ಮಾತು ಉಳಿಯಿತು, ಕಾಲು ಉಳಿಯಲಿಲ್ಲ. ಮಂಚದ ಮೇಲೆ ಮಲಗಿ ಮಲಗಿ ಅವಳು ಗೋಡೆ ನೋಡುವುದಕ್ಕೆ ಶುರುಮಾಡಿದಳು. ಊಟ ಬೇಡ, ಸ್ನಾನ ಬೇಡ, ಯಾರೂ ಬರುವುದೂ ಬೇಡ. "ನನ್ನನ್ನ ಯಾಕೆ ಉಳಿಸ್ಕೊಂಡಿದ್ದೀರಿ?" ಎಂದು ಮಗಳನ್ನು ಬಹುವಚನದಲ್ಲಿ ಕೇಳುತ್ತಿದ್ದಳು. ಪರಿಚಯವಿಲ್ಲದವರನ್ನು ಕೇಳಿದ ಹಾಗಿರುತ್ತಿತ್ತು.

ಗಾಲಿಕುರ್ಚಿ ತಂದಾಗ ಹಲ್ಲಕ್ಕ ಅಮ್ಮನನ್ನು ಹಿತ್ತಿಲಿಗೆ ತಳ್ಳಿಕೊಂಡು ಹೋಗಲು ನೋಡಿದಳು. ಹಿತ್ತಿಲ ತುಂಬ ಮಣ್ಣು, ಉದುರಿದ ಹಣ್ಣಿನ ರಾಡಿ, ಮೇಲೆದ್ದ ಬೇರು. ಗಾಲಿ ಹೂತು ಕುರ್ಚಿ ವಾಲಿತು. ಅಮ್ಮ ಹೆದರಿ ಕಿರುಚಿಕೊಂಡಳು. ಮರುವಾರವೇ ಹಲ್ಲಕ್ಕ ಗಾರೆಯವನನ್ನು ಕರೆಸಿ ಹಿತ್ತಿಲಿಗೆಲ್ಲ ಸಿಮೆಂಟು ಹಾಕಿಸಿದಳು.

"ಬುಡದ ಸುತ್ತ ಒಂದಿಷ್ಟು ಮಣ್ಣು ಬಿಡ್ಲಾ ಅಕ್ಕಾ?" ಎಂದು ಗಾರೆಯವನು ಕೇಳಿದ್ದ.

"ಬೇಡಪ್ಪ. ಮತ್ತೆ ಗಾಲಿ ಸಿಕ್ಕಿಹಾಕಿಕೊಳ್ಳುತ್ತೆ. ಬುಡದವರೆಗೂ ತಗೊಂಡು ಬಾ."

ಅವನು ಬುಡದವರೆಗೂ ತಂದು, ತೊಗಟೆಗೆ ತಾಗುವ ಹಾಗೆ ಕರಣೆಯಿಂದ ಸವರಿ, ನುಣ್ಣಗೆ ಮಾಡಿಕೊಟ್ಟು ಹೋದ. ಅವಳಿಗೆ ಆಗ ಎಷ್ಟು ಸಮಾಧಾನವಾಗಿತ್ತೆಂದರೆ, ಒದ್ದೆ ಸಿಮೆಂಟಿನ ಮೇಲೆ ಬೆಕ್ಕು ಓಡಾಡದಂತೆ ಬಾಗಿಲಲ್ಲೇ ಕಾವಲು ಕೂತಿದ್ದಳು.

ಅಮ್ಮ ಮರದ ಕೆಳಗೆ ಬಂದಳು. ಮೊದಲ ದಿನ ಸುಮ್ಮನೆ ಕೂತಳು. ಎರಡನೆಯ ದಿನ ತಲೆ ಎತ್ತಿದಳು. ಮೂರನೆಯ ದಿನ, ಎಲ್ಲೋ ಎತ್ತರದಲ್ಲಿ ಕೂತು ಟಂಕ್ ಟಂಕ್ ಎಂದು ಬಿಡುವಿಲ್ಲದೆ ಕೂಗುತ್ತಿದ್ದ ಕುಟುರ ಹಕ್ಕಿಯನ್ನು ಕೇಳಿಸಿಕೊಂಡು, "ಇದು ದೂರದ ಊರಿಂದ ಬಂದ ಟ್ರಂಕ್ ಕಾಲು ಕಣೇ. ಆ ಕಡೆ ಯಾರೂ ಎತ್ತುತ್ತಿಲ್ಲ, ಪಾಪ," ಎಂದಳು. ಹಲ್ಲಕ್ಕ ಒಳಗೆ ಮೇಣ ಕಾಯಿಸುತ್ತಿದ್ದವಳು ದೀಪ ಆರಿಸಿ ಹೊರಗೆ ಓಡಿ ಬಂದಳು. ಕಾಯಿಲೆ ಬಿದ್ದಮೇಲೆ ಅಮ್ಮ ಆಡಿದ ಮೊದಲ ತಮಾಷೆ ಅದು.

ಅಲ್ಲಿಂದ ಮರದ ಸಂಸಾರಕ್ಕೆಲ್ಲ ಹೆಸರು ಬಂತು. ತಂತಿಯ ಮೇಲೆ ಓಡಾಡುವ ಅಳಿಲು ಲೈನ್‌ಮನ್. ಪೊಟರೆಯಲ್ಲಿದ್ದ ಪುಟ್ಟ ಗೂಬೆಗಳು ನೈಟ್ ಡ್ಯೂಟಿ ಗಂಡ ಹೆಂಡತಿ. ಹಣ್ಣಿನ ಕಾಲದಲ್ಲಿ ಸಂಜೆ ಧಡಕ್ಕನೆ ಬಂದು ಎರಗಿ, ಅಷ್ಟೇ ಬೇಗ ಹಾರಿಹೋಗುವ ಬಾವಲಿ ರಾಂಗ್ ನಂಬರ್. ಅಮ್ಮನ ಸೀರೆಯ ಮೇಲೆ ನೇರಳೆ ಕಲೆಗಳು ಬಿದ್ದವು. ಒಗೆದರೂ ಹೋಗಲಿಲ್ಲ, ಅಮ್ಮ ಬೇಸರಿಸಲೂ ಇಲ್ಲ. ಬೆಳಿಗ್ಗೆ ಎದ್ದರೆ, "ತಳ್ಳೇ, ಡ್ಯೂಟಿಗೆ ಹೊತ್ತಾಯ್ತು," ಎನ್ನುತ್ತಿದ್ದಳು. ಹಾಗೇ ವರ್ಷಗಳು ಕಳೆದವು. ಕೊನೆಗೆ ಒಂದು ಮಧ್ಯಾಹ್ನ ಜ್ವರವೆಂದು ಮಲಗಿದವಳು, ಹಿತ್ತಿಲ ಕಿಟಕಿಯ ಕಡೆ ತಿರುಗಿಕೊಂಡೇ ಹೋಗಿಬಿಟ್ಟಳು. ತಮ್ಮ ನಡುಸಮುದ್ರದಲ್ಲಿದ್ದ. ಬರಲಾಗಲಿಲ್ಲ.

ಅಮ್ಮ ಹೋದಮೇಲೆ ಹಲ್ಲಕ್ಕನಿಗೆ ಒಂದು ವಿಷಯ ನಿಧಾನಕ್ಕೆ ಗೊತ್ತಾಯಿತು. ಬೆಳಗಿನಿಂದ ಸಂಜೆಯವರೆಗೆ ಅವಳು ಬಾಯಿ ಬಿಡದೆ ಇರುವ ದಿನಗಳೇ ಹೆಚ್ಚು. ಡಾಕ್ಟರ ಕಡೆಯಿಂದ ಫೋನು ಬಂದಾಗ "ಹಲೋ" ಎನ್ನಲು ಹೋದರೆ ಗಂಟಲು ಕಟ್ಟಿರುತ್ತಿತ್ತು. "ಶೀತಾನಾ ಮೇಡಂ?" ಎಂದು ಆ ಕಡೆಯ ಹುಡುಗಿ ಕೇಳುತ್ತಿದ್ದಳು. "ಹೂಂ, ಸ್ವಲ್ಪ," ಎನ್ನುತ್ತಿದ್ದಳು ಇವಳು. ಮನೆಯೊಳಗೆ ಸದ್ದು ಎಂದು ಬರುತ್ತಿದ್ದುದು ಹಿತ್ತಿಲಿನಿಂದ ಮಾತ್ರ. ಟಂಕ್ ಟಂಕ್. ಎಲೆಗಳ ಮಧ್ಯೆ ಸರಸರ. ಮುಸ್ಸಂಜೆಗೆ ಗೂಬೆಗಳ ಜಗಳ. ಅವಳು ಕೆಲಸದ ಮೇಜನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಆ ಮರವೇ ಈಗ ಅರ್ಧ ಒಣಗಿತ್ತು.

ಮಳೆಗಾಲದ ಮೊದಲ ಗಾಳಿಗೆ ಒಣ ಕೊಂಬೆಯೊಂದು ಲಟಕ್ಕನೆ ಮುರಿದು ಪಕ್ಕದ ಮನೆಯ ಸ್ಕೂಟರಿಗೆ ನೆರಳೆಂದು ಹಾಕಿದ್ದ ತಗಡಿನ ಶೀಟಿನ ಮೇಲೆ ಬಿತ್ತು. ಪಕ್ಕದ ಮನೆಯವನು ನಿವೃತ್ತ ಬಸ್ ಡ್ರೈವರು. ಎದುರಿನವರಿಗೆ ಕಿವಿ ಇದೆ ಎಂಬುದನ್ನೇ ಮರೆತು ಮಾತಾಡುವವನು. ಬೀದಿ ಅವನನ್ನು ಹಾರ್ನ್ ಮಾವ ಎಂದು ಕರೆಯುತ್ತಿತ್ತು.

"ಏನಮ್ಮಾ ಇದು!" ಎಂದು ಅವನು ಗೋಡೆಯಾಚೆಯಿಂದ ಕೂಗಿದ. "ಸ್ಕೂಟರ್ ಹೋದ್ರೆ ಹೋಗ್ಲಿ, ನಾನು ಅದರ ಕೆಳಗೆ ನಿಂತಿದ್ದಿದ್ರೆ?"

"ಕ್ಷಮಿಸಿ ಮಾವ. ಶೀಟು ನಾನು ಹಾಕಿಸಿಕೊಡ್ತೀನಿ."

"ಶೀಟಿನ ಮಾತು ಬಿಡು. ಮರ ನೋಡ್ಸು ಯಾರಿಗಾದ್ರೂ. ನಿಂತಿದೆ ಅಂದ ಮಾತ್ರಕ್ಕೆ ಗಟ್ಟಿ ಇದೆ ಅಂತಲ್ಲ."

ಅವನೇ ಒಬ್ಬ ಮರ ಕಡಿಯುವವನನ್ನು ಕರೆದುಕೊಂಡು ಬಂದ. ಬಂದವನು ಮಾತು ಕಮ್ಮಿಯ ಮನುಷ್ಯ. ಬುಡದ ಸುತ್ತ ಒಂದು ಸುತ್ತು ಬಂದ. ಕೊಡಲಿಯ ಹಿಂಬದಿಯಿಂದ ಅಲ್ಲಲ್ಲಿ ತಟ್ಟಿದ. ಸಿಮೆಂಟು ತೊಗಟೆಯನ್ನು ಕಚ್ಚಿದ ಜಾಗದಲ್ಲಿ ಕಂದು ಬಣ್ಣದ ಅಣಬೆಗಳು ಒಂದರ ಮೇಲೊಂದು ಎದ್ದಿದ್ದವು. ಅಲ್ಲಿ ಬೆರಳು ಒತ್ತಿದರೆ ಒಳಕ್ಕೆ ಹೋಯಿತು.

"ಉಳಿಯಲ್ಲ ಇದು," ಎಂದ.

"ಸಿಮೆಂಟಿಂದಾನಾ?" ಹಲ್ಲಕ್ಕ ಕೇಳಿದಳು.

ಅವನು ಅವಳ ಮುಖ ನೋಡಿ ಕಣ್ಣು ತಪ್ಪಿಸಿದ. "ಸಿಮೆಂಟೂ ಇರ್ಬಹುದು. ವಯಸ್ಸೂ ಇರ್ಬಹುದು. ನನಗೆ ಹೇಗೆ ಗೊತ್ತಾಗುತ್ತೆ ಅಕ್ಕಾ?"

"ಬುಡಕ್ಕೆ ಒಂದಿಷ್ಟು ಮಣ್ಣು ಬಿಟ್ಟಿದ್ದಿದ್ರೆ?"

"ಬಿಟ್ಟಿದ್ದಿದ್ರೆ ಇನ್ನಷ್ಟು ವರ್ಷ ಬರ್ತಿತ್ತೋ ಏನೋ. ಈಗ ಅದೆಲ್ಲ ಯಾಕೆ? ಕಡಿಯೋದಾದ್ರೆ ಹೇಳಿ ಕಳಿಸಿ."

ಅವನು ಹೋದಮೇಲೆ ಅವಳು ಕೆಲಸಕ್ಕೆ ಕೂತಳು. ಕೈಯಲ್ಲಿದ್ದ ಮೇಣ ತಣ್ಣಗಾಗಿ ಗಟ್ಟಿಯಾಯಿತು. ಮತ್ತೆ ಕಾಯಿಸಿದಳು, ಮತ್ತೆ ಗಟ್ಟಿಯಾಯಿತು. 'ಬುಡದವರೆಗೂ ತಗೊಂಡು ಬಾ' ಎಂದ ತನ್ನ ದನಿಯೇ ತಲೆಯೊಳಗೆ ತಿರುಗುತ್ತಿತ್ತು. ಗಾರೆಯವನು ಕೇಳಿದ್ದ. ಕೇಳದೆ ಇದ್ದಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ಆ ಬುಡದ ಹತ್ತಿರ ಗಾಲಿಕುರ್ಚಿ ಯಾವತ್ತೂ ಹೋಗಿರಲೇ ಇಲ್ಲ. ಅಮ್ಮ ಕೂರುತ್ತಿದ್ದುದು ಇತ್ತ, ಬಾಗಿಲಿನ ಕಡೆ.

ಆ ವಾರ ತಮ್ಮ ಯಾವುದೋ ಬಂದರಿನಿಂದ ಫೋನು ಮಾಡಿದ. ಅವಳು ಎಲ್ಲ ಹೇಳಿದಳು.

"ಅಯ್ಯೋ ಅಕ್ಕಾ, ಮರ ತಾನೇ? ನೀನು ಅಮ್ಮನಿಗೋಸ್ಕರ ಮಾಡಿದ್ದು. ಅದಕ್ಕೆಲ್ಲ ಹೀಗೆ ತಲೆ ಕೆಡಿಸ್ಕೋತಾರಾ?"

"ಅಮ್ಮನಿಗೋಸ್ಕರ ಮಾಡಿದ್ದು ನಿಜ ಕಣೋ. ಆದ್ರೆ ಪೂರ್ತಿ ಮಾಡ್ಬೇಕಾಗಿರ್ಲಿಲ್ಲ."

"ಇನ್ನೊಂದು ಗಿಡ ನೆಟ್ರಾಯ್ತು ಬಿಡು."

ಅವನ ಹಿಂದೆ ಹಡಗಿನ ಇಂಜಿನ್ನಿನ ಗುಡುಗು ಕೇಳುತ್ತಿತ್ತು. ಪಾತ್ರೆಗಳ ಸದ್ದು ಕೇಳುತ್ತಿತ್ತು, ಯಾರೋ ನಗುತ್ತಿದ್ದರು. ಅವನ ಸುತ್ತ ಜನರಿದ್ದಾರೆ ಎಂದು ಅವಳಿಗೆ ಸಂತೋಷವೇ ಆಯಿತು.

ಮರುದಿನ ಅವಳು ಹಾರ್ನ್ ಮಾವನ ಮನೆಗೆ ಹೋಗಿ ಹಾರೆ, ಸುತ್ತಿಗೆ ಕೇಳಿದಳು.

"ಯಾಕೆ?"

"ಸಿಮೆಂಟು ಒಡೀತೀನಿ."

"ಉಳಿಯಲ್ಲ ಅಂತ ಹೇಳಿದ್ನಲ್ಲಮ್ಮಾ ಅವನು."

"ಗೊತ್ತು ಮಾವ."

"ಯಾರಾದ್ರೂ ಆಳು ಹಿಡಿದು ಮಾಡ್ಸು ಮತ್ತೆ. ಹಲ್ಲು ಕೂರ್ಸೋ ಕೈಯಲ್ಲಿ ಹಾರೆ ಹಿಡೀತಾಳಂತೆ!"

"ಹಾಕ್ಸಿದ್ದು ನಾನು. ನಾನೇ ತೆಗೀತೀನಿ."

ಮುದುಕ ಒಳಗಿನಿಂದ ಹಾರೆ, ಸುತ್ತಿಗೆ ಎರಡೂ ತಂದುಕೊಟ್ಟ.

ಬೆಳಗಿನ ತಂಪಿನಲ್ಲಿ ಅವಳು ಒಡೆಯುತ್ತಿದ್ದಳು, ಬಿಸಿಲೇರಿದಾಗ ಒಳಗೆ ಬರುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಸಿಮೆಂಟಿನ ಚಕ್ಕೆ ಎತ್ತಿದರೆ ಕೆಳಗಿನ ಮಣ್ಣು ಬೂದಿಯ ಹಾಗೆ ಬಿಳಿಚಿಕೊಂಡು, ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ ಬರುತ್ತಿತ್ತು. ಬೇರುಗಳು ಗಾಳಿ ಹುಡುಕಿಕೊಂಡು ಮೇಲೆ ಬಂದು, ಸಿಮೆಂಟಿನ ಅಡಿಗೆ ತಲೆ ಕೊಟ್ಟು, ಚಪ್ಪಟೆಯಾಗಿ ಹರಡಿದ್ದವು. ಅದನ್ನು ನೋಡಿದಾಗ ಅವಳು ಹಾರೆ ಕೆಳಗಿಟ್ಟು ಅಲ್ಲೇ ಕುಕ್ಕರಿಸಿದಳು. ಅಳು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಮತ್ತೆ ಹಾರೆ ಎತ್ತಿಕೊಂಡಳು.

ಬೊಬ್ಬೆ ಎದ್ದ ಕೈಯಲ್ಲಿ ಆ ದಿನಗಳಲ್ಲಿ ಒಂದು ಸೆಟ್ಟು ಕೆಟ್ಟಿತು. "ಇದು ನಿಮ್ಮ ಕೈಯ ಕೆಲಸ ಅನ್ನಿಸ್ಲಿಲ್ಲ," ಎಂದು ಡಾಕ್ಟರು ಮೃದುವಾಗಿಯೇ ಹೇಳಿ ವಾಪಸು ಕಳಿಸಿದರು. ನೋಡಿದರೆ ಮುಂದಿನ ಹಲ್ಲೊಂದು ಸೊಟ್ಟಗೆ ಕೂತು, ಆ ಬಾಯಿ ಯಾರನ್ನೋ ಅಣಕಿಸುವಂತಿತ್ತು. ಅವಳಿಗೆ ಬಹಳ ದಿನದ ಮೇಲೆ ನಗು ಬಂತು. ಮೊದಲಿನಿಂದ ಮಾಡಿಕೊಟ್ಟಳು.

ಹಾರ್ನ್ ಮಾವ ಮೊದಲು ಗೋಡೆಯ ಮೇಲೆ ಮೊಣಕೈ ಊರಿ ಸಲಹೆ ಕೊಟ್ಟ. ಆಮೇಲೆ ಈ ಕಡೆ ಬಂದು ನಿಂತು ಸಲಹೆ ಕೊಟ್ಟ. ಕೊನೆಗೆ ಬೈಯುತ್ತಲೇ ಚಕ್ಕೆಗಳನ್ನು ಬುಟ್ಟಿಗೆ ತುಂಬಿ ಹೊರಗೆ ಸಾಗಿಸತೊಡಗಿದ. ಬುಡದ ಸುತ್ತಲಿನ ಮಣ್ಣೆಲ್ಲ ತೆರೆದುಕೊಂಡಿತು. ಅವಳು ಗೊಬ್ಬರ ಹಾಕಿ ದಿನವೂ ನೀರುಣಿಸಿದಳು. ಅಷ್ಟರಲ್ಲಿ ಮನೆಯ ಕಡೆಯ ಎಲೆಗಳೂ ಹಳದಿಯಾಗಿ ಒಂದೊಂದೇ ಕಳಚಿಕೊಳ್ಳತೊಡಗಿದವು.

ಮರುವರ್ಷ ಮರ ಚಿಗುರಲೇ ಇಲ್ಲ. ತೊಗಟೆ ಸಡಿಲವಾಗಿ ಉದುರಿತು. ಹಣ್ಣಿನ ಕಾಲದಲ್ಲಿ ಬಾವಲಿಗಳು ಒಂದು ಸಂಜೆ ಬಂದವು. ಬೋಳು ಕೊಂಬೆಗಳ ಸುತ್ತ ತಿರುಗಿದವು, ತಿರುಗಿದವು, ಹೊರಟುಹೋದವು. ಮತ್ತೆ ಬರಲಿಲ್ಲ. ಅಳಿಲುಗಳು ಹಾರ್ನ್ ಮಾವನ ಸೂರಿಗೆ ಸಂಸಾರ ಸಾಗಿಸಿದವು. "ನನ್ನ ಬನಿಯನ್ನು ಹರಿದು ಹಾಸಿಗೆ ಮಾಡ್ಕೊಂಡಿವೆ!" ಎಂದು ಅವನು ಬೀದಿಗೆಲ್ಲ ಕೇಳುವಂತೆ ದೂರಿದ. ಓಡಿಸಲು ಮಾತ್ರ ಹೋಗಲಿಲ್ಲ.

ಮಳೆಗಾಲಕ್ಕೆ ಮುಂಚೆ ಹಲ್ಲಕ್ಕ ಮರ ಕಡಿಯುವವನಿಗೆ ಹೇಳಿ ಕಳಿಸಿದಳು. ಅವನು ಬರುವ ಹಿಂದಿನ ಸಂಜೆ ಒಬ್ಬಳೇ ಮರದ ಹತ್ತಿರ ಹೋಗಿ ನಿಂತಳು. ಇನ್ನೂ ಬೆಳಕಿತ್ತು. ಏನು ಮಾಡಬೇಕೆಂದು ತಿಳಿಯದೆ, ಕಾಯಿಲೆಯವರ ಹಣೆ ಮುಟ್ಟುವ ಹಾಗೆ ಕಾಂಡದ ಮೇಲೆ ಅಂಗೈ ಇಟ್ಟಳು.

"ತಪ್ಪಾಯ್ತು," ಎಂದಳು.

ದನಿ ಗೊಗ್ಗರಾಗಿತ್ತು. ಕೆಮ್ಮಿ ಸರಿಮಾಡಿಕೊಂಡಳು.

"ಅಮ್ಮನ್ನ ಚೆನ್ನಾಗಿ ನೋಡ್ಕೊಂಡೆ ಅಂತ ಎಲ್ಲರೂ ನನ್ನನ್ನ ಹೊಗಳ್ತಾರೆ. ನಾನು ಊಟ ಕೊಟ್ಟೆ, ಮೈ ಒರೆಸ್ದೆ, ಮಾತ್ರೆ ಕೊಟ್ಟೆ. ಅವಳಿಗೆ ಬೆಳಿಗ್ಗೆ ಏಳೋದಕ್ಕೆ ಮನಸ್ಸು ಬರೋ ಹಾಗೆ ಮಾಡಿದ್ದು ನೀನು. ಅದು ನನ್ನ ಕೈಲಿ ಆಗ್ತಿರ್ಲಿಲ್ಲ. ನಿನ್ನ ಋಣ ನನ್ನ ಮೇಲಿದೆ. ತೀರಿಸೋದು ಹೇಗೆ ಅಂತ ಗೊತ್ತಿಲ್ಲ."

ಗೋಡೆಯಾಚೆ ಹಾರ್ನ್ ಮಾವ ಒಣಗಿದ ಬಟ್ಟೆ ತೆಗೆಯುತ್ತಿದ್ದ. ಅಂದು ಅವನು ಅಷ್ಟು ಮೆಲ್ಲಗೆ ಒಳಗೆ ಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

ಮಾರನೆಯ ದಿನ ಮರ ಕಡಿಯುವವನು ಕೊಂಬೆಗಳನ್ನೆಲ್ಲ ಹಗ್ಗ ಕಟ್ಟಿ ಇಳಿಸಿದ. ಕಾಂಡದ ಸರದಿ ಬಂದಾಗ ಪೊಟರೆಯತ್ತ ನೋಡಿ ನಿಂತ. ಒಳಗಿನಿಂದ ಒಂದು ಪುಟ್ಟ ಗೂಬೆ ತಲೆ ಹೊರಗೆ ಹಾಕಿ, ದುಂಡು ಕಣ್ಣು ಬಿಟ್ಟು, ಅವನನ್ನು ಗದರಿಸುವಂತೆ ತಲೆ ಮೇಲೆ ಕೆಳಗೆ ಆಡಿಸಿತು.

"ಬಾಡಿಗೆಯವರು ಇನ್ನೂ ಖಾಲಿ ಮಾಡಿಲ್ಲ," ಎಂದ ಅವನು. ಅವನ ಬಾಯಲ್ಲಿ ಅವಳು ಕೇಳಿದ ಒಂದೇ ಒಂದು ತಮಾಷೆ.

"ಕಾಂಡ ಹಾಗೇ ಬಿಡೋಕಾಗುತ್ತಾ?"

"ಭಾರ ಇಳಿದಿದೆಯಲ್ಲ, ಗಾಳಿಗೆ ಸಿಗಲ್ಲ. ಒಂದೆರಡು ವರ್ಷ ನಿಲ್ಲುತ್ತೆ. ಬಿದ್ರೂ ನಿಮ್ಮ ಹಿತ್ತಿಲಲ್ಲೇ ಬೀಳುತ್ತೆ."

"ಬಿಡಿ ಹಾಗಾದ್ರೆ," ಎಂದಳು. ಹಾರ್ನ್ ಮಾವನೂ ತಕರಾರು ಮಾಡಲಿಲ್ಲ.

ನೆರಳಿಲ್ಲದ ಹಿತ್ತಿಲು ಕಣ್ಣು ಕುಕ್ಕಿತು. ಬಿಸಿಲು ನೇರವಾಗಿ ಕೆಲಸದ ಕೋಣೆಗೆ ನುಗ್ಗಿ, ಮೇಜಿನ ಮೇಲೆ ಕೂರಿಸಿಟ್ಟ ಹಲ್ಲುಗಳು ಮೆತ್ತಗಾದ ಮೇಣದಲ್ಲಿ ಜಾರತೊಡಗಿದವು. ದಪ್ಪ ಪರದೆ ಹಾಕಬೇಕಾಯಿತು. ಪರದೆಯ ಹಿಂದೆ ಕೂತು ಕೆಲಸ ಮಾಡುವಾಗ ಟಂಕ್ ಟಂಕ್ ಎಂಬ ಸದ್ದಿಗೆ ಕಿವಿ ಕಾಯುತ್ತಿತ್ತು. ಕುಟುರ ಹಕ್ಕಿ ಬೇರೆಲ್ಲೋ ಕೂಗುತ್ತಿತ್ತು, ಬಹಳ ದೂರದಲ್ಲಿ. ಕೆಲವು ದಿನ ಅದೂ ಇಲ್ಲ.

ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಕಾಗೆಗಳ ಗಲಾಟೆ ಕೇಳಿತು. ಪರದೆ ಸರಿಸಿದರೆ ಕಾಂಡದ ಬುಡದಲ್ಲಿ ಬೂದು ನೂಲಿನ ಉಂಡೆಯಂಥದೊಂದು ಬಿದ್ದಿತ್ತು. ಗೂಬೆಯ ಮರಿ. ಕಾಗೆಗಳು ಹತ್ತಿರ ಹತ್ತಿರ ಕುಪ್ಪಳಿಸುತ್ತಿದ್ದವು. ಅವಳು ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿದಳು. ಸಿಕ್ಕಿದ್ದು ಪ್ಲಾಸ್ಟರು ಕಲಸುವ ರಬ್ಬರಿನ ಬಟ್ಟಲು. ಕಾಗೆಗಳನ್ನು ಅಟ್ಟಿ, ಮರಿಯನ್ನು ಅದರೊಳಗೆ ಎತ್ತಿಟ್ಟುಕೊಂಡಳು. ಅದು ಬಾಯಿ ತೆರೆದು ಹೆದರಿಸಿತು. ಹಕ್ಕಿಗೆ ಹಲ್ಲಿಲ್ಲ ಎಂಬುದು ಆ ಗಡಿಬಿಡಿಯಲ್ಲೂ ಅವಳ ಕಣ್ಣಿಗೆ ಬಿತ್ತು.

"ಮಾವಾ! ಏಣಿ!"

ಜೀವಮಾನದಲ್ಲಿ ಅವಳು ಅಷ್ಟು ಜೋರಾಗಿ ಕೂಗಿರಲಿಲ್ಲ. ಹಾರ್ನ್ ಮಾವ ಏಣಿ ಹೊತ್ತುಕೊಂಡೇ ಬಂದ.

"ನೀನು ಹತ್ತಬೇಡ, ಬಿದ್ದು ಸೊಂಟ ಮುರ್ಕೋತೀಯ!"

"ನೀವು ಹತ್ತುತ್ತೀರಾ?"

ಅವನು ತನ್ನ ಮೊಣಕಾಲು ನೋಡಿಕೊಂಡ. "ಹತ್ತು, ಹತ್ತು. ನಾನು ಹಿಡ್ಕೊಂಡಿರ್ತೀನಿ. ಕೆಳಗೆ ನೋಡ್ಬೇಡ!"

ಒಂದು ಕೈಯಲ್ಲಿ ಬಟ್ಟಲು ಹಿಡಿದು, ಇನ್ನೊಂದರಲ್ಲಿ ಏಣಿ ತಬ್ಬಿಕೊಂಡು ಅವಳು ಹತ್ತಿದಳು. ಎಷ್ಟೋ ವರ್ಷ ಕೆಳಗಿನಿಂದ ನೋಡಿದ ಪೊಟರೆ ಮುಖದ ಮುಂದೆಯೇ ಬಂತು. ಮರಿಯನ್ನು ಎತ್ತಿ ನಿಧಾನಕ್ಕೆ ಒಳಗೆ ಬಿಟ್ಟಳು. ಅದು ಜಾರಿಬಿಡುತ್ತದೆಯೋ ಎಂದು ಕೈಯನ್ನು ಮೊಣಕೈವರೆಗೆ ಒಳಗಿಟ್ಟೇ ಇದ್ದಳು. ಒಳಗೆ ಮೆತ್ತನೆಯ ಮರದ ಪುಡಿ ಇತ್ತು. ಬೆರಳಿಗೆ ಇನ್ನೊಂದು ಮರಿ ತಗುಲಿತು, ಅದರ ಪಕ್ಕ ಮತ್ತೊಂದು. ಪುಟ್ಟ ಎದೆಗಳು ಬಡಿದುಕೊಳ್ಳುತ್ತಿದ್ದವು. ಹೊರಗೆ ಸತ್ತು ಬೋಳಾಗಿ ನಿಂತ ಆ ಕಾಂಡ ಒಳಗೆ ಬೆಚ್ಚಗಿತ್ತು, ಹಾಸಿಗೆಯಿಂದ ಈಗ ತಾನೇ ಯಾರೋ ಎದ್ದುಹೋದ ಹಾಗೆ ಬೆಚ್ಚಗಿತ್ತು.

ಅವಳಿಗೆ ಅಳು ಬಂದದ್ದು ಆಗ. ಅಮ್ಮ ಹೋದಾಗ ಬಾರದ್ದು, ಬೇರು ಕಂಡಾಗ ಬಾರದ್ದು, ಏಣಿಯ ಮೇಲೆ ಬಂತು. ಕಾಂಡಕ್ಕೆ ಹಣೆ ಹಚ್ಚಿ ಬಿಕ್ಕಿದಳು.

"ಏನಾಯ್ತಮ್ಮಾ? ಕಚ್ತಾ?" ಕೆಳಗಿನಿಂದ ಕೂಗು ಬಂತು.

"ಇಲ್ಲ ಮಾವ."

"ಮತ್ತೆ?"

"ಇನ್ನೂ ಇದಾವೆ ಮಾವ. ಮರಿಗಳು ಇನ್ನೂ ಇದಾವೆ."

"ಆಯ್ತು, ಇಳಿ ನಿಧಾನ," ಎಂದ ಹಾರ್ನ್ ಮಾವ, ಅವನ ಮಟ್ಟಿಗೆ ಪಿಸುಮಾತಿನಲ್ಲಿ. ಅವಳು ಇಳಿದು ಮುಖ ಒರೆಸಿಕೊಳ್ಳುವವರೆಗೂ ಏಣಿ ಬಿಡದೆ ಬೇರೆ ಕಡೆ ನೋಡುತ್ತ ನಿಂತಿದ್ದ.

ಆಮೇಲಿನ ಸಂಜೆಗಳಲ್ಲಿ ಅವಳು ಪರದೆ ಸರಿಸಿ, ಹಿತ್ತಿಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಮರಿಗಳು ಮೊದಲು ಪೊಟರೆಯ ಬಾಯಿಗೆ ಬಂದವು. ಆಮೇಲೆ ಕಾಂಡದ ತುದಿಗೆ. ಆಮೇಲೆ ಗೋಡೆಗೆ, ಅಲ್ಲಿಂದ ತಂತಿಗೆ. ಒಂದು ಸಂಜೆ ಎಲ್ಲ ಒಟ್ಟಿಗೆ ಹಾರಿ ಮನೆಗಳ ಆಚೆ ಹೋದವು, ತಿರುಗಿ ಬರಲಿಲ್ಲ. ಅವಳು ಕತ್ತಲಾಗುವವರೆಗೂ ಕಾದಳು. ಬಿಡುವು ಸಿಕ್ಕಿದಾಗ ಬುಡದ ಮಣ್ಣಿಗೆ ಮೊದಲಿನ ಹಾಗೆಯೇ ನೀರು ಹಾಕುತ್ತಿದ್ದಳು.

ತಮ್ಮನ ಫೋನು ಬಂದಾಗ ಅವಳು ಆ ಮೆಟ್ಟಿಲ ಮೇಲೆಯೇ ಇದ್ದಳು.

"ಏನ್ ಮಾಡ್ತಿದ್ದೀಯ ಅಕ್ಕಾ?"

"ಹಿತ್ತಿಲಲ್ಲಿ ಕೂತಿದ್ದೀನಿ."

"ಯಾರಿದ್ದಾರೆ ಜೊತೆಗೆ?"

ಅವಳು ಕಾಂಡದ ಕಡೆ ನೋಡಿದಳು. ಪೊಟರೆ ಖಾಲಿಯಾಗಿತ್ತು.

"ಯಾರೂ ಇಲ್ಲ ಕಣೋ," ಎಂದಳು. "ನೀನು ಊಟ ಮಾಡಿದ್ಯಾ?"